ಯುಗಾದಿಯ ಶುಚಿಕಾರ್ಯವೂ ವರ್ಷದ ಕಾಳಿನ ಸಂರಕ್ಷಣೆಯೂ

ರೋಣ, ನರಗುಂದ ಮತ್ತು ಗಜೇಂದ್ರಗಡ ಭಾಗದ ಜಮೀನುದಾರರಿಗೂ ಊರ ಹಿರಿಯರಿಗೂ

ಯುಗಾದಿಯು ಸಮೀಪಿಸಿದಂತೆ ನಮ್ಮ ಎರೆಯ ಸೀಮೆಯ ಮನೆಮನೆಯಲ್ಲಿಯೂ ಧೂಳು ಹೊಡೆಯುವ, ನೆಲ ಸಾರಿಸುವ, ಗೋಡೆಗೆ ಸುಣ್ಣ ಬಳಿಯುವ ಕೆಲಸವು ಆರಂಭವಾಗುವದು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಹಿಂಗಾರಿಯ ಬಿಳಿಜೋಳವೂ ಗೋಧಿಯೂ ಕಡಲೆಯೂ ಕುಸುಬೆಯೂ ಕಣದಿಂದ ಮನೆಗೆ ಬರುವವು. ಹಬ್ಬದ ಶುಚಿಯೂ ಸುಗ್ಗಿಯ ಸಂಗ್ರಹವೂ ಒಂದೇ ಕಾಲಕ್ಕೆ ಒದಗುವದರಿಂದ ಒಂದು ಕೆಲಸವು ಇನ್ನೊಂದಕ್ಕೆ ಸಹಾಯಕವಾಗಬೇಕಾಗಿತ್ತು. ಆದರೆ ವಾಸ್ತವವಾಗಿ ನಡೆಯುವದು ಬೇರೆ. ಅಡಿಗೆಮನೆ, ಪಡಸಾಲೆ, ದೇವರ ಮನೆಗಳನ್ನು ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯ ವರೆಗೆ ಬಳಿದು ತೊಳೆಯುವರು. ಕಾಳಿನ ಕೋಣೆಯ ಕೀಲಿಕೈ ಮಾತ್ರ ಯಜಮಾನರ ಉಡಿಯಲ್ಲಿಯೇ ಉಳಿಯುವದು. ಹೊಸ ಜೋಳದ ಚೀಲಗಳು ಬಾಗಿಲಿಗೆ ಬಂದ ದಿವಸ ಆ ಕೋಣೆಯು ತೆರೆಯಲ್ಪಟ್ಟು, ಒಂದು ಕಸಬರಿಗೆಯ ಎಳೆತದೊಂದಿಗೆ ಮತ್ತೆ ತುಂಬಿಹೋಗುವದು. ಮನೆಯೆಲ್ಲ ಶುಚಿಯಾಗಿ, ವರ್ಷದ ಅನ್ನವಿರುವ ಕೋಣೆಯೊಂದೇ ಹೊಲಸಾಗಿ ಉಳಿದರೆ ಆಗುವ ಹಾನಿ ಎಷ್ಟು, ಮತ್ತು ಇದನ್ನು ಮನೆಯ ಎಲ್ಲರೂ ಕೂಡಿ ಏಕೆ ಮಾಡಬೇಕು ಎಂಬದನ್ನು ಈ ಪತ್ರಿಕೆಯಲ್ಲಿ ವಿವರಿಸಲಾಗಿದೆ.

ನುಸಿಯು ಕಾಳಿನಲ್ಲಿ ತಾನಾಗಿಯೇ ಹುಟ್ಟುವದೆಂದು ಹಲವರು ತಿಳಿದಿರುವರು. ಇದು ಸರಿಯಲ್ಲ. ಜೋಳಕ್ಕೂ ಗೋಧಿಗೂ ಹತ್ತುವ ಸೊಂಡಿಲ ಹುಳುವು ತನ್ನ ಮೂತಿಯಿಂದ ಕಾಳಿಗೆ ಸಣ್ಣ ರಂಧ್ರವನ್ನು ಕೊರೆದು, ಅದರಲ್ಲಿ ಒಂದು ಮೊಟ್ಟೆಯನ್ನಿಟ್ಟು, ಮೇಲೆ ಅಂಟಿನಿಂದ ಮುಚ್ಚುವದು. ಮರಿಯು ಕಾಳಿನೊಳಗೇ ತಿಂದು ಬೆಳೆದು, ಬೆಚ್ಚಗಿನ ತೇವದ ಹವೆಯಲ್ಲಿ ಸುಮಾರು ಒಂದು ತಿಂಗಳಲ್ಲಿ ದುಂಬಿಯಾಗಿ ಹೊರಬೀಳುವದು. ಆದ್ದರಿಂದ ಕಣ್ಣಿಗೆ ಸೊಗಸಾಗಿ ಕಾಣುವ ಕಾಳಿನೊಳಗೂ ಹುಳುವಿರಬಹುದು. ಕಡಲೆ, ಹೆಸರು, ತೊಗರಿಗಳಿಗೆ ಹತ್ತುವ ದುಂಬಿಯ ರೀತಿ ಬೇರೆ. ಅದು ಕಾಳಿನ ಮೈಮೇಲೆಯೇ ಬಿಳಿಯ ಚುಕ್ಕೆಯಂಥ ಮೊಟ್ಟೆಗಳನ್ನು ಅಂಟಿಸುವದು. ಹಾರಬಲ್ಲ ಈ ದುಂಬಿಯು ಮನೆಯಿಂದ ಹೊಲಕ್ಕೆ ಹೋಗಿ ಬಲಿತ ಕಾಯಿಗಳ ಮೇಲೆ ಮೊಟ್ಟೆಯಿಟ್ಟು, ಸುಗ್ಗಿಯೊಂದಿಗೆ ತಿರುಗಿ ಮನೆಗೆ ಬರುವದೂ ಉಂಟು. ಗೋಧಿಗೆ ಹತ್ತುವ ಇನ್ನೊಂದು ಹುಳುವಿದೆ. ಅದರ ರೋಮವುಳ್ಳ ಮರಿಗಳು ಗೋಡೆಯ ಬಿರುಕಿನಲ್ಲಿ ಅಡಗಿ, ತಿನ್ನಲಿಕ್ಕೆ ಏನೂ ಇಲ್ಲದೆ ಒಂದೆರಡು ವರ್ಷಗಳ ಮೇಲೂ ಜೀವ ಹಿಡಿದಿರಬಲ್ಲವು.

ಹಳೆಯ ಕಾಳಿನ ಒಂದು ಹಿಡಿ ಉಳಿದರೆ ಏನಾದೀತೆಂದು ಕೇಳುವವರಿಗಾಗಿ ಒಂದು ಸುಲಭವಾದ ಲೆಕ್ಕವನ್ನು ಹೇಳುವೆವು. ಸೊಂಡಿಲ ಹುಳುವಿನ ಹೆಣ್ಣು ತನ್ನ ಆಯುಷ್ಯದಲ್ಲಿ ಮುನ್ನೂರರ ವರೆಗೂ ಮೊಟ್ಟೆಗಳನ್ನಿಡಬಲ್ಲದು. ಒಂದು ತಿಂಗಳಿಗೆ ೧೦೦ ಮಾತ್ರವೆಂದು ಹಿಡಿಯೋಣ. ಅವುಗಳಲ್ಲಿ ೮೦ ಸತ್ತುಹೋಗಲಿ. ಉಳಿದ ೨೦ರಲ್ಲಿ ಹೆಣ್ಣು ೧೦. ಮರುತಿಂಗಳು ಆ ಹತ್ತರಿಂದ ೨೦೦, ಮೂರನೆಯ ತಿಂಗಳಿಗೆ ೨,೦೦೦ ಹುಳುಗಳಾಗುವವು. ಬೇಸಿಗೆಯ ಒಣ ಬಿಸಿಲಿನಲ್ಲಿ ಈ ವೃದ್ಧಿಯು ಮಂದವಾಗಿದ್ದರೂ, ಮುಂಗಾರು ಬಿದ್ದು ಹವೆಯಲ್ಲಿ ತೇವ ಕೂಡಿದೊಡನೆ ರಭಸದಿಂದ ನಡೆಯುವದು. ಮೃಗಶಿರಾ ಮಳೆಯ ಹೊತ್ತಿಗೆ ಕೋಣೆಯಲ್ಲಿದ್ದ ಒಂದೇ ಜೋಡಿಯು ಮಹಾನವಮಿಯ ಮುಂಚೆಯೇ ಸಾವಿರಾರು ಆಗುವ ಬಗೆ ಇದು. ಬೀಸಿದ ಹಿಟ್ಟು ಕಹಿಯಾಗಿ, ರೊಟ್ಟಿ ತಟ್ಟಲು ಬಾರದೆ ಹೋದಾಗ ಪೇಟೆಯ ಧಾರಣೆಯನ್ನು ಶಪಿಸುತ್ತ ಬೇರೆ ಜೋಳವನ್ನು ಕೊಳ್ಳುವ ಮನೆಗಳು ಎಷ್ಟೋ ಇರುವವು. ಅವರ ನಷ್ಟವು ಫಾಲ್ಗುಣದಲ್ಲಿಯೇ ಆಗಿರುವದು.

ಈಗ ಕೆಲಸದ ಹಂಚಿಕೆಯ ವಿಚಾರ. ನಮ್ಮ ಕಡೆಯ ಮಾಳಿಗೆ ಮನೆಯು ಮಣ್ಣಿನ ಮೇಲ್ಮುದ್ದೆಯದು. ತೊಲೆ ಜಂತಿಗಳ ಸಂದುಗಳು, ಬೆಳಕಿಂಡಿಯ ಅಂಚು, ಅಟ್ಟದ ಹಲಗೆಗಳು, ದಪ್ಪ ಗೋಡೆಯ ಗೂಡುಗಳು ಇವೆಲ್ಲವೂ ಹುಳುಗಳಿಗೆ ಆಶ್ರಯವಾಗಿರುವವು. ಹೆಚ್ಚಿನ ಮನೆಗಳಲ್ಲಿ ದನಗಳ ಕಟ್ಟುವಿಕೆಯೂ ಅದೇ ಮಾಡಿನ ಕೆಳಗೆ ಇರುವದು. ಗೋದಲಿಯಲ್ಲಿ ಬಿದ್ದ ಹೊಟ್ಟು ನುಚ್ಚುಗಳಲ್ಲಿ ಹುಳುವಿದ್ದರೆ ಅದು ಕಾಳಿನ ಕೋಣೆಗೆ ನಡೆದುಹೋಗಲು ಒಂದು ರಾತ್ರಿ ಸಾಕು. ಅಡಿಗೆಮನೆಯನ್ನು ಈ ವಾರ, ಕಾಳಿನ ಕೋಣೆಯನ್ನು ಮುಂದಿನ ವಾರ, ಕೊಟ್ಟಿಗೆಯನ್ನು ಪುರಸತ್ತು ಸಿಕ್ಕಾಗ ಎಂದು ಮಾಡಿದರೆ, ಒಂದು ಕಡೆಯಿಂದ ಓಡಿಸಿದ ಹುಳುವು ಇನ್ನೊಂದು ಕಡೆಗೆ ಸೇರಿಕೊಂಡು, ಕೆಲಸ ಮುಗಿದ ಮೇಲೆ ಹಿಂದಿರುಗುವದು. ಎಲ್ಲವೂ ಎರಡು ಮೂರು ದಿನಗಳೊಳಗೆ ಒಟ್ಟಿಗೆ ಆಗಬೇಕು. ಅಷ್ಟು ಕೆಲಸವು ಇಬ್ಬರು ಹೆಂಗಸರ ಕೈಯಿಂದ ಆಗತಕ್ಕದ್ದಲ್ಲ. ಗಂಡಸರು ಅಗಸೆಯ ಕಟ್ಟೆಯ ಮೇಲೆ ಕುಳಿತು, ‘ಮನೆಯಲ್ಲಿ ಧೂಳು, ಒಳಗೆ ಹೋಗುವ ಹಾಗಿಲ್ಲ’ ಎಂದು ಹೇಳುವ ವಾಡಿಕೆಯು ಈ ಕಾರಣದಿಂದಲಾದರೂ ನಿಲ್ಲಬೇಕಾಗಿದೆ.

ಕಾಳಿನ ಕೋಣೆಯನ್ನು ಹೋಳಿಹುಣ್ಣಿವೆಗೆ ನಾಲ್ಕು ದಿನ ಮೊದಲೇ ಬರಿದು ಮಾಡುವದು ಒಳ್ಳೆಯದು. ಅಲ್ಲಿಂದ ಗುಡಿಸಿ ತೆಗೆದ ಹೊಟ್ಟು, ಹುಳುಕಾಳು, ಜೇಡರ ಬಲೆಗಳನ್ನು ತಿಪ್ಪೆಗೆ ಎಸೆಯಬಾರದು. ತಿಪ್ಪೆಯಿಂದ ಅವು ಮತ್ತೆ ಮನೆಗೆ ಬರುವವು. ಊರ ಹುಡುಗರು ಕಟ್ಟಿಗೆ ಕುಳ್ಳುಗಳನ್ನು ಕೂಡಿಸುವ ಕಾಲವೇ ಅದು. ಪರರ ಹಿತ್ತಲಿನ ಕಟ್ಟಿಗೆಯನ್ನು ಕದ್ದು ಒಯ್ಯುವದಕ್ಕಿಂತ ಮನೆಮನೆಯ ಈ ಕಸವನ್ನು ಕಾಮನ ಬೆಂಕಿಗೆ ಒಯ್ದರೆ ಅವರಿಗೂ ಮೋಜು, ಊರಿಗೂ ಲಾಭ. ಬೂಷ್ಟು ಹಿಡಿದ ಕಾಳನ್ನು ದನಗಳಿಗೂ ಕೋಳಿಗಳಿಗೂ ಹಾಕಲಾಗದು, ಬೂಷ್ಟಿನಲ್ಲಿ ವಿಷವುಂಟಾಗುವದು. ಬರಿಯ ನುಸಿ ಹತ್ತಿದ ಕಾಳನ್ನು ಸಾಣಿಗೆಯಲ್ಲಿ ಹಿಡಿದು ಕೋಳಿಗಳಿಗೆ ಹಾಕಬಹುದು.

ಮಾಳಿಗೆಯ ಮೇಲಿನಿಂದ ಆರಂಭಿಸಿ ನೆಲಕ್ಕೆ ಇಳಿಯಬೇಕು. ಮೇಲ್ಮುದ್ದೆಯ ಬಿರುಕುಗಳಿಗೆ ಸವಳು ಮಣ್ಣನ್ನು ಹಾಕಿ ಬಡಿಯುವದು, ತೊಲೆ ಜಂತಿಗಳನ್ನು ಉದ್ದ ಕೋಲಿನ ಪೊರಕೆಯಿಂದ ಹೊಡೆಯುವದು, ಕಣಜಗಳನ್ನು ಎತ್ತಿ ಅಂಗಳಕ್ಕೆ ತರುವದು ಗಂಡಸರ ಕೆಲಸ. ಗೋಡೆಯ ಬಿರುಕುಗಳನ್ನು ಮೊದಲು ಕೆರೆದು, ಒಳಗಿನ ಪುಡಿಯನ್ನು ತೆಗೆದು, ಆಮೇಲೆ ಮಣ್ಣು ಸಗಣಿಗಳ ಗಾರೆಯಿಂದ ತುಂಬಬೇಕು. ಕೆರೆಯದೆ ಮೆತ್ತಿದರೆ ಹುಳುವನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಇದರಲ್ಲಿ ಹೆಣ್ಣುಮಕ್ಕಳ ಕೈ ನುರಿತದ್ದು. ಗಾರೆಯನ್ನು ಕಲಸಿ ತಂದುಕೊಡುವವರು ಬೇಕು. ಸುಣ್ಣವು ಹುಳುವನ್ನು ಕೊಲ್ಲುವದೆಂಬ ಭರವಸೆ ಬೇಡ. ಅದರ ಪ್ರಯೋಜನವು ಸಣ್ಣ ಸಂದುಗಳನ್ನು ಮುಚ್ಚುವದು, ಮತ್ತು ಬಿಳಿಯ ಗೋಡೆಯ ಮೇಲೆ ಹರಿಯುವ ಹುಳುವು ಕಣ್ಣಿಗೆ ಬೀಳುವದು. ಸಾರಿಸಿದ ಕೋಣೆಯು ಮೂರು ದಿನವಾದರೂ ಪೂರ್ತಿ ಒಣಗದೆ ಕಾಳನ್ನು ಹಾಕಬಾರದು.

ಮಕ್ಕಳನ್ನು ದೂರವಿಡುವದರ ಬದಲು ಅವರಿಗೆ ತಕ್ಕ ಕೆಲಸವನ್ನು ಕೊಡಬೇಕು. ಇಲಿಯ ಬಿಲಗಳನ್ನು ಹುಡುಕಿ ಪ್ರತಿಯೊಂದಕ್ಕೂ ಸುಣ್ಣದ ಗುರುತು ಹಾಕಲು ಹತ್ತು ವರ್ಷದ ಹುಡುಗನಂಥ ಚುರುಕು ಕಣ್ಣು ಬೇರೆ ಇಲ್ಲ. ಬಿಲಕ್ಕೆ ಕೈ ಹಾಕಬಾರದೆಂದು ಮಾತ್ರ ಮೊದಲೇ ಹೇಳಿರಬೇಕು. ಗುರುತು ಮಾಡಿದ ಬಿಲಗಳನ್ನು ಕಲ್ಲಿನ ಚೂರು, ಗಾಜಿನ ಚೂರು, ಸುಣ್ಣದ ಗಾರೆಗಳಿಂದ ದೊಡ್ಡವರು ಮುಚ್ಚಬೇಕು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳೊಳಗೆ ಆಗಿನ ಧಾರವಾಡ ಜಿಲ್ಲೆಯನ್ನೆಲ್ಲ ಹೊಕ್ಕು, ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಸಂಗತಿಯನ್ನು ಹಿರಿಯರಿಂದ ಕೇಳಿದವರು ಇನ್ನೂ ಇರಬಹುದು. ಇಲಿಯು ಕಾಳಿಗಾಗಿ ಬರುವದು, ಇಲಿಯೊಂದಿಗೆ ಚಿಗಟವು ಬರುವದು. ಧೂಳು ಹೊಡೆಯುವವರು ಮೂಗು ಬಾಯಿಗಳಿಗೆ ಒದ್ದೆ ಬಟ್ಟೆಯನ್ನು ಕಟ್ಟಿಕೊಳ್ಳಬೇಕು. ಉಬ್ಬಸವುಳ್ಳವರನ್ನೂ ಬಸುರಿಯರನ್ನೂ ಆ ಹೊತ್ತಿಗೆ ಮನೆಯಿಂದ ಹೊರಗೆ ಕೂಡ್ರಿಸಬೇಕು. ಅಜ್ಜಿಯರಿಗೆ ಅಂಗಳದ ನೆರಳಿನಲ್ಲಿ ಮರ ಸಾಣಿಗೆಗಳನ್ನು ಕೊಟ್ಟರೆ, ಯಾವ ಕಾಳು ಬೀಜಕ್ಕೆ, ಯಾವುದು ಬೇಳೆಗೆ, ಯಾವುದು ದನಕ್ಕೆ ಎಂಬದನ್ನು ಅವರಷ್ಟು ಬೇಗ ಬೇರೆ ಮಾಡುವವರು ಕೃಷಿ ಕಾಲೇಜಿನಲ್ಲಿಯೂ ಸಿಕ್ಕಲಾರರು.

ಕೌದಿಗಳನ್ನು ಹಳ್ಳಕ್ಕೆ ಒಯ್ದು ಒಗೆಯುವದು ಇದೇ ಕಾಲದ ಕೆಲಸ. ನೀರು ಹೀರಿದ ಕೌದಿಯ ಭಾರವನ್ನು ಒಂದು ಸಾರಿ ಎತ್ತಿ ನೋಡಿದ ಗಂಡಸು ಮುಂದಿನ ವರ್ಷ ತಾನಾಗಿಯೇ ಚಕ್ಕಡಿಯನ್ನು ಹೂಡುವನು.

ಹಳೆಯ ಗೋಣಿಚೀಲಗಳಲ್ಲಿ ಹುಳುಗಳು ಹೊಲಿಗೆಯ ಮಡಿಕೆಗಳಲ್ಲಿರುವವು. ಚೀಲಗಳನ್ನು ಒಳಮೈ ಹೊರಗಾಗಿ ತಿರುಗಿಸಿ, ಕುದಿಯುವ ನೀರಿನಲ್ಲಿ ಕಾಲು ತಾಸು ಅದ್ದಿ, ಎರಡು ಬಿಸಿಲು ಒಣಗಿಸಬೇಕು. ಗೊಬ್ಬರ, ಔಷಧ ಅಥವಾ ಬಣ್ಣ ಹಚ್ಚಿದ ಬಿತ್ತನೆ ಬೀಜ ಬಂದ ಚೀಲಗಳನ್ನು ಎಷ್ಟು ತೊಳೆದರೂ ತಿನ್ನುವ ಕಾಳಿಗೆ ಉಪಯೋಗಿಸತಕ್ಕದ್ದಲ್ಲ.

ಇನ್ನು ಹಗೇವಿನ ವಿಷಯ. ಇದನ್ನು ಮನೆಯ ಯಜಮಾನರು ವಿಶೇಷ ಲಕ್ಷ್ಯಕೊಟ್ಟು ಓದಬೇಕೆಂದು ಬಿನ್ನಹ. ನೆಲದಲ್ಲಿ ಕೊಡದ ಆಕಾರದಲ್ಲಿ ತೋಡಿ, ಒಳಗೆ ಹುಲ್ಲು ಹೊಟ್ಟುಗಳನ್ನು ಹಾಸಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲಿನ ಹಾಸು ಇಟ್ಟು ಮಣ್ಣು ಮೆತ್ತುವ ಈ ಪದ್ಧತಿಯು ನಮ್ಮ ಸೀಮೆಯಲ್ಲಿ ಬಹು ಪುರಾತನವಾದದ್ದು. ೧೮೭೬-೭೮ರ ಬರದಂಥ ಕಾಲಗಳನ್ನು ಕಂಡ ಪ್ರಾಂತದಲ್ಲಿ, ಒಂದು ಒಳ್ಳೆಯ ಮಳೆಯ ಜೋಳವನ್ನು ಮುಂದಿನ ಕೆಟ್ಟ ಮಳೆಗಳಿಗಾಗಿ ನೆಲದೊಳಗೆ ಇಡುವದು ವಿವೇಕವೇ ಆಗಿದ್ದಿತು. ಅದರ ಗುಟ್ಟು ಇಷ್ಟೇ: ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುವೂ ಉಸಿರಾಡಿ ಒಳಗಿನ ಪ್ರಾಣವಾಯುವನ್ನು ಮುಗಿಸುವವು, ಇಂಗಾಲಾಮ್ಲ ವಾಯುವು ತುಂಬಿಕೊಳ್ಳುವದು, ಉಸಿರಿಗೆ ಗಾಳಿಯಿಲ್ಲದೆ ಹುಳುವು ಸಾಯುವದು.

ಹುಳುವನ್ನು ಕೊಲ್ಲುವ ಅದೇ ಗಾಳಿಯು ಮನುಷ್ಯನನ್ನೂ ಕೊಲ್ಲುವದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಾಮಾನ್ಯ ಗಾಳಿಗಿಂತ ಭಾರವಾದದ್ದರಿಂದ ಬಾಯಿ ತೆರೆದ ಮೇಲೂ ತಳದಲ್ಲಿ ನಿಂತಿರುವದು. ಸುಗ್ಗಿಯ ಮುಂಚಿನ ಶುಚಿಗೆಂದು ಹಗೇವನ್ನು ತೆರೆದು, ಬಾಯಿ ಇಕ್ಕಟ್ಟಾದ್ದರಿಂದ ‘ಸಣ್ಣ ಹುಡುಗನನ್ನು ಇಳಿಸೋಣ’ ಎನ್ನುವವರುಂಟು. ಇದಕ್ಕಿಂತ ಘೋರವಾದ ಅವಿವೇಕವು ಬೇರೆ ಇಲ್ಲ. ಇಳಿದವನು ಕೂಗುವದಕ್ಕೂ ಅವಕಾಶವಿಲ್ಲದೆ ಕುಸಿಯುವನು. ಅವನನ್ನು ಎತ್ತಲಿಕ್ಕೆ ಅಣ್ಣ ಇಳಿಯುವನು, ಅವನ ಹಿಂದೆ ತಂದೆ. ಇಂಥ ಕುಳಿಗಳಲ್ಲಿ ಒಂದೇ ಮನೆಯ ಎರಡು ಮೂರು ಜೀವಗಳು ಒಟ್ಟಿಗೆ ಹೋಗುವದು ಹೀಗೆಯೇ.

ಆದ್ದರಿಂದ ಹಗೇವಿನ ಹಾಸುಗಲ್ಲನ್ನು ತೆಗೆದ ದಿವಸ ಯಾರೂ ಇಳಿಯತಕ್ಕದ್ದಲ್ಲ. ಸುತ್ತಲೂ ಬೇಲಿ ಕಟ್ಟಿ, ಮಕ್ಕಳೂ ದನಗಳೂ ಹತ್ತಿರ ಸುಳಿಯದಂತೆ ಮಾಡಿ, ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದಿಡಬೇಕು. ಮರುದಿನ ಬೇವಿನ ದೊಡ್ಡ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಬಹಳ ಹೊತ್ತಿನ ವರೆಗೆ ಇಳಿಸಿ ಏರಿಸಿ ಒಳಗಿನ ಗಾಳಿಯನ್ನು ಕಲಕಬೇಕು. ಹಿರಿಯರು ಮಾಡುತ್ತಿದ್ದಂತೆ ಹಚ್ಚಿದ ದೀಪವನ್ನು ತಳದ ವರೆಗೆ ಬಿಟ್ಟು ನೋಡಬೇಕು. ದೀಪವು ಆರಿದರೆ ಅಲ್ಲಿ ಮೃತ್ಯುವಿದೆಯೆಂದು ನಿಶ್ಚಯವಾಗಿ ತಿಳಿಯತಕ್ಕದ್ದು. ಆರದಿದ್ದರೆ ಪೂರ್ಣ ನಿರ್ಭಯವೆಂದು ಮಾತ್ರ ತಿಳಿಯತಕ್ಕದ್ದಲ್ಲ, ಏಕೆಂದರೆ ದೀಪವು ಉರಿಯುವಷ್ಟು ಗಾಳಿಯಲ್ಲಿಯೂ ಮನುಷ್ಯನಿಗೆ ತಲೆ ತಿರುಗಬಹುದು. ಇಳಿಯುವವನು ಗಟ್ಟಿಮುಟ್ಟಾದ ವಯಸ್ಕನಾಗಿರಬೇಕು. ಅವನ ಎದೆಗೆ ಹಗ್ಗವನ್ನು ಕಟ್ಟಿ ಮೇಲೆ ಇಬ್ಬರು ಹಿಡಿದಿರಬೇಕು. ಮಾತು ನಿಂತ ಕ್ಷಣದಲ್ಲಿಯೇ ಎಳೆದುಕೊಳ್ಳಬೇಕು. ಯಾರಾದರೂ ಒಳಗೆ ಬಿದ್ದುಹೋದರೆ ಇನ್ನೊಬ್ಬರು ಇಳಿಯದೆ ಅಗ್ನಿಶಾಮಕ ದಳದವರನ್ನು ಕರೆಯಿಸಬೇಕು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಚೀಲವೂ ತಗಡಿನ ಕಣಜವೂ ಸಿಕ್ಕುವ ಈ ಕಾಲದಲ್ಲಿ ಹಗೇವನ್ನು ತುಂಬುವ ಅಗತ್ಯವು ಬಹಳ ಮನೆಗಳಿಗೆ ಉಳಿದಿಲ್ಲ. ಹಗೇವಿನ ಜೋಳಕ್ಕೆ ಗೋಡೆಯ ತೇವದಿಂದ ಮುಗ್ಗು ವಾಸನೆ ಬರುವದು, ಮೊಳೆಯುವ ಶಕ್ತಿಯು ಹೋಗುವದು. ಬೀಜದ ಕಾಳನ್ನಂತೂ ಅದರಲ್ಲಿ ಇಡಲೇಬಾರದು.

ತುಂಬದೆ ಬಿಟ್ಟ ಹಗೇವುಗಳೂ ನಿರಪಾಯವಲ್ಲ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಾಗಿ ಕಾಲುವೆಯ ನೀರು ಹರಿದ ಮೇಲೆ ನರಗುಂದದ ಕಡೆಗೆ ನೆಲದೊಳಗಿನ ನೀರು ಮೇಲಕ್ಕೆ ಬಂದಿದೆ. ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಮನೆಯೊಳಗೂ ಬೀದಿಯಲ್ಲಿಯೂ ನೆಲವು ಫಕ್ಕನೆ ಕುಸಿದ ಪ್ರಸಂಗಗಳಿಗೆ, ಎಲ್ಲಿವೆಯೆಂದು ಮರೆತುಹೋದ ಹಗೇವುಗಳೂ ಈ ತೇವವೂ ಕಾರಣವೆಂದು ಹೇಳಲಾಗಿದೆ. ಕೊಣ್ಣೂರು, ಹೊಳೆಆಲೂರುಗಳಂಥ ಹೊಳೆಯ ದಂಡೆಯ ಊರುಗಳು ೨೦೧೯ರ ಆಗಸ್ಟಿನಲ್ಲಿ ಪ್ರವಾಹವನ್ನು ಕಂಡವು. ಅಂಥಲ್ಲಿ ನೆಲದೊಳಗೆ ಕಾಳಿಡುವ ಮಾತೇ ಬೇಡ. ಗಜೇಂದ್ರಗಡದ ಗುಡ್ಡದ ಮಗ್ಗುಲಿನ ಗರಸು ನೆಲದಲ್ಲಿ ತೇವದ ಅಂಜಿಕೆ ಕಡಿಮೆಯಾದರೂ ಗಾಳಿಯ ಅಪಾಯವು ಅಷ್ಟೇ ಇರುವದು. ಶುಚಿಯ ದಿನಗಳಲ್ಲಿ ಮನೆಯ ಹಿರಿಯರು ನೆನಪು ಮಾಡಿಕೊಂಡು, ಹಗೇವು ಇದ್ದ ಸ್ಥಳಗಳನ್ನು ಮಕ್ಕಳಿಗೆಲ್ಲ ತೋರಿಸಬೇಕು. ಬೇಡವಾದವುಗಳನ್ನು ಕಲ್ಲು ಗರಸುಗಳಿಂದ ಪದರು ಪದರಾಗಿ ಬಡಿದು ತುಂಬಿಸಬೇಕು. ಬಾಯಿಗಷ್ಟೇ ಮಣ್ಣು ಮುಚ್ಚಿ ಒಳಗೆ ಪೊಳ್ಳು ಬಿಟ್ಟರೆ ಅದು ಮೊಮ್ಮಕ್ಕಳಿಗೆ ತೋಡಿಟ್ಟ ಗುಂಡಿಯಾಗುವದು.

ವಿಷದ ಔಷಧಗಳ ಕುರಿತು ಎರಡು ಮಾತು. ಅಟ್ಟದ ಮೂಲೆಯಲ್ಲಿ ಹಳೆಯ ಬಿ.ಎಚ್.ಸಿ. ಪುಡಿಯ ಪೊಟ್ಟಣಗಳು ಸಿಕ್ಕಬಹುದು. ಈ ಪುಡಿಯು ದೇಶದಲ್ಲಿ ೧೯೯೭ರಿಂದ ನಿಷೇಧಿಸಲ್ಪಟ್ಟಿದೆ. ಕಾಳಿಗೆ ಎರಚುವದಾಗಲಿ, ಹಳ್ಳಕ್ಕೆ ಚೆಲ್ಲುವದಾಗಲಿ, ಸುಡುವದಾಗಲಿ ಕೂಡದು. ಪೊಟ್ಟಣವನ್ನು ಬಿಚ್ಚದೆ ಬೇರೆಯಾಗಿಟ್ಟು, ಹೋಬಳಿಯ ರೈತ ಸಂಪರ್ಕ ಕೇಂದ್ರದವರಿಗೆ ತಿಳಿಸಬೇಕು. ಕಾಳಿನಲ್ಲಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯು ಹವೆಯ ತೇವದಿಂದ ಮಾರಕವಾದ ವಿಷವಾಯುವನ್ನು ಬಿಡುವದು. ಅದನ್ನು ತಜ್ಞರ ಮೇಲ್ವಿಚಾರಣೆಯಲ್ಲಿ, ಜನವಸತಿಯಿಲ್ಲದ ಉಗ್ರಾಣಗಳಲ್ಲಿ ಮಾತ್ರ ಉಪಯೋಗಿಸತಕ್ಕದ್ದೆಂದು ನಿಯಮವಿದೆ. ಮಲಗುವ ಮನೆಯೊಳಗಿನ ಚೀಲದಲ್ಲಿ ಅದನ್ನಿಟ್ಟು ರಾತ್ರಿ ಬಾಗಿಲು ಹಾಕಿಕೊಂಡರೆ ನುಸಿಗಿಂತ ಮೊದಲು ಮನೆಯವರೇ ಸಾಯುವರು. ಅಂಗಡಿಯವರು ಬಿಡಿಯಾಗಿ ಕೊಟ್ಟರೂ ತರಬೇಡಿರಿ.

ಶುಚಿಯಾದ ಕೋಣೆಗೆ ತೇವದ ಕಾಳನ್ನು ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಜೋಳ ಗೋಧಿಗಳಲ್ಲಿ ತೇವಾಂಶವು ನೂರಕ್ಕೆ ೧೨ನ್ನು ಮೀರಬಾರದು. ಕಡಲೆ ಹೆಸರುಗಳು ಇನ್ನೂ ಒಣಗಿರಬೇಕು. ಹಲ್ಲಿನಲ್ಲಿ ಕಡಿದರೆ ಕಾಳು ಮೆತ್ತಗೆ ನುಗ್ಗದೆ ಕಟಕ್ಕೆಂದು ಒಡೆಯಬೇಕು. ಫಾಲ್ಗುಣ ಚೈತ್ರಗಳ ಬಿಸಿಲು ಪುಕ್ಕಟೆಯ ಔಷಧ. ತೆಳ್ಳಗೆ ಹರವಿ ಎರಡು ಮೂರು ಬಿಸಿಲು ಕೊಟ್ಟು, ಸಂಜೆ ಆರಿದ ಮೇಲೆ ತುಂಬಬೇಕು. ಬಿಸಿಯಿರುವಾಗಲೇ ತುಂಬಿದರೆ ಚೀಲದೊಳಗೆ ಬೆವರು ಕೂಡುವದು. ಚೀಲಗಳನ್ನು ಹಲಗೆಗಳ ಮೇಲೆ, ಗೋಡೆಗೆ ತಾಗದಂತೆ ಒಂದು ಮೊಳ ಬಿಟ್ಟು ಒಟ್ಟಬೇಕು. ಆ ಸಂದಿಯಲ್ಲಿ ಒಬ್ಬರು ಕಸಬರಿಗೆ ಹಿಡಿದು ಹೋಗುವಂತಿರಬೇಕು. ಕಡಲೆಯ ಮೇಲೆ ಒಣ ಉಸುಕನ್ನು ಮೂರು ಬೆರಳು ದಪ್ಪ ಹಾಕಿದರೆ ದುಂಬಿಯು ಕಾಳಿಗೆ ಇಳಿಯಲಾರದು. ತಿನ್ನುವ ಬೇಳೆಕಾಳಿಗೆ ಕಿಲೋಗ್ರಾಮಿಗೆ ಒಂದು ಚಮಚದಷ್ಟು ಕುಸುಬೆ ಎಣ್ಣೆಯನ್ನು ಸವರುವ ನಮ್ಮ ಹೆಣ್ಣುಮಕ್ಕಳ ಪದ್ಧತಿಯು ಶಾಸ್ತ್ರಕ್ಕೆ ಸರಿಯಾದದ್ದು. ಎಣ್ಣೆ ಹತ್ತಿದ ಕಾಳಿನ ಮೇಲಿನ ಮೊಟ್ಟೆಯು ಮರಿಯಾಗಲಾರದು. ತೊಗರಿಯನ್ನು ಬೇಗನೆ ಬೇಳೆ ಮಾಡಿಟ್ಟರೆ ದುಂಬಿಯ ಕಾಟವು ಬಹಳ ಮಟ್ಟಿಗೆ ತಪ್ಪುವದು.

ಊರ ಹಿರಿಯರಲ್ಲಿ ಒಂದು ವಿಜ್ಞಾಪನೆ. ಹುಳುವಿಗೆ ನನ್ನ ಮನೆ ನಿನ್ನ ಮನೆಯೆಂಬ ಎಲ್ಲೆಯಿಲ್ಲ. ಓಣಿಯ ಹತ್ತು ಮನೆಗಳಲ್ಲಿ ಒಂಬತ್ತು ಶುಚಿಯಾಗಿ, ಒಂದರಲ್ಲಿ ಹಳೆಯ ಕಡಲೆಯ ಚೀಲವು ನುಸಿಯುತ್ತ ಬಿದ್ದಿದ್ದರೆ ಒಂಬತ್ತರ ಶ್ರಮಕ್ಕೂ ಹಾನಿಯುಂಟು. ಹೋಳಿಯಿಂದ ಯುಗಾದಿಯ ಅಮಾವಾಸ್ಯೆಯ ವರೆಗಿನ ಪಕ್ಷದಲ್ಲಿ ಓಣಿಗೆ ಮೂರು ದಿನಗಳಂತೆ ಗೊತ್ತುಮಾಡಿ ಡಂಗುರ ಹೊಡೆಯಿಸಬೇಕು. ಕಸವನ್ನು ಊರ ಹೊರಗೆ ಸಾಗಿಸಲು ಪಂಚಾಯತಿಯ ಗಾಡಿಯನ್ನು ಆ ದಿನಗಳಿಗೆ ಕೇಳಿಕೊಳ್ಳಬೇಕು. ಮಠ, ಗುಡಿಗಳ ಕಾಳಿನ ಕೋಣೆಗಳು ಯಾರ ಪಾಲಿಗೂ ಬಾರದೆ ಉಳಿಯುವದುಂಟು. ಅವುಗಳನ್ನು ಹಿರಿಯರು ತಾವೇ ನಿಂತು ತೆಗೆಯಿಸಬೇಕು. ದುಡಿಯುವ ಆಳಿಲ್ಲದ ಮುದುಕರ ಮನೆಗಳಿಗೆ ಮಾಳಿಗೆ ಹತ್ತಲು ನಾಲ್ಕು ಮಂದಿ ತರುಣರನ್ನು ಕಳಿಸಬೇಕು. ಮೊದಲು ತೆರೆಯುವ ಕೋಣೆಯು ಗೌಡರದಾಗಿದ್ದರೆ ಉಳಿದವರಿಗೆ ಹೆಚ್ಚು ಹೇಳಬೇಕಾಗುವದಿಲ್ಲ.

ತುಂಬಿದ ಮೇಲೆ ಪ್ರತಿ ಅಮಾವಾಸ್ಯೆಗೆ ಮನೆಯ ಒಬ್ಬರು, ಹೆಚ್ಚಾಗಿ ರೊಟ್ಟಿಗೆ ಕಾಳು ತೆಗೆಯುವ ಗೃಹಿಣಿಯೇ, ಚೀಲದ ನಡುವಿನಿಂದ ಒಂದು ಹಿಡಿಯನ್ನು ತೆಗೆದು ಬಿಳಿಯ ಬಟ್ಟೆಯ ಮೇಲೆ ಹರವಿ ನೋಡಬೇಕು. ಅದಕ್ಕಾಗಿ ಕೋಣೆಯ ಕೀಲಿಕೈ ಅವರ ಕೈಯಲ್ಲಿರಬೇಕು. ಹಿಟ್ಟಿನಂಥ ಪುಡಿ, ತೂತು ಬಿದ್ದ ಕಾಳು, ಕೈಗೆ ಬಿಸಿ ಹತ್ತುವದು, ಇವುಗಳಲ್ಲಿ ಒಂದು ಕಂಡರೂ ಆ ಚೀಲವನ್ನು ಆ ದಿನವೇ ಹೊರಗೆ ಎಳೆದು ಬಿಸಿಲಿಗೆ ಹಾಕತಕ್ಕದ್ದು. ಬೀಜದ ಜೋಳವನ್ನು ಬೇರೆ ಗಡಿಗೆಯಲ್ಲಿಟ್ಟು, ಬಿತ್ತುವದಕ್ಕೆ ಒಂದು ತಿಂಗಳು ಮುಂಚೆ ನೂರು ಕಾಳುಗಳನ್ನು ಒದ್ದೆ ತಟ್ಟಿನಲ್ಲಿ ಕಟ್ಟಿಡಬೇಕು. ಶಾಲೆಗೆ ಹೋಗುವ ಮಕ್ಕಳು ಮೊಳೆತವುಗಳನ್ನು ಎಣಿಸಿ ಬರೆದಿಡಲಿ. ಎಂಬತ್ತಕ್ಕೆ ಕಡಿಮೆಯಾದರೆ ಬೇರೆ ಬೀಜವನ್ನು ಹುಡುಕಲು ಆಗ ಇನ್ನೂ ಸಮಯವಿರುವದು.